ದಾರ ಕಟ್ಟಿದ ಸಣ್ಣ ಬ್ಯಾಟ್ರಿ ನೆಟ್ಟಗ ನಿಲ್ಲಬೇಕಂದ್ರ ಹ್ಯಾಂಗ ಮಾಡಬೇಕು?

ಬ್ರಹ್ಮಪುರ ಓಣಿ:
ನಮಸ್ಕಾರ್ರೀ ಎಲ್ಲರಿಗೂ. ನಮ್ಮ ಮನಿಯಾಗ ಒಂದು ಸಣ್ಣ ಬ್ಯಾಟ್ರಿ, ಅಂದ್ರ ಟಾರ್ಚು, ಅದ. ಒಂದೇ ಎಎ ಸೆಲ್ ಹಾಕೋದು, ಅಲ್ಯುಮಿನಿಯಂ ಮೈ. ಹಿಂದಿನ ಮುಚ್ಚಳ ಸಪಾಟ ಅದ, ಬ್ಯಾಟ್ರಿ ಹಚ್ಚೋ ಗುಂಡಿ ಒಳಗ ಕುಂತದ. ಹಂಗಾಗಿ ಮಾರಿ ಮ್ಯಾಲ ಮಾಡಿ ಇಟ್ರ ನೆಟ್ಟಗ ನಿಲ್ತದ. ಕರೆಂಟ್ ಹೋದಾಗ ಅಡಗಿ ಮನಿ ಕಟ್ಟಿ ಮ್ಯಾಲ ನಿಂದ್ರಿಸಿಬಿಟ್ರ ಬೆಳಕು ಛತ್ತಿಗೆ ಬಡದು ಇಡೀ ಖೋಲಿ ತುಂಬ ಹರಡ್ತದ. ಯಾರ ಕಣ್ಣಿಗೂ ಕುಕ್ಕಂಗಿಲ್ಲ, ಎರಡೂ ಕೈ ಖಾಲಿ ಇರ್ತಾವ, ರೊಟ್ಟಿ ಬಡಿಯೋದು ನಿಲ್ಲಂಗಿಲ್ಲ.

ತೊಂದ್ರಿ ಇರೋದು ದಾರದ್ದು. ನಮ್ಮ ಅತ್ತಿಯವರಿಗೆ ಕಣ್ಣು ಮಂದ. ಕತ್ತಲಾದ್ರ ಅವರು ಗ್ವಾಡಿ ತಡವಿಕೊಂತ ಬಂದು ಬಾಗಿಲ ಪಕ್ಕದ ಮೊಳಿಗಿ ತೂಗಬಿಟ್ಟ ಬ್ಯಾಟ್ರಿ ತಗೋತಾರ. ಆ ಜಾಗ ಬಿಟ್ಟು ಬ್ಯಾರೆ ಕಡಿ ಇಟ್ರ ಅವರಿಗೆ ಸಿಗಂಗಿಲ್ಲ. ಅದಕ್ಕ ದಾರ ಇರಲೇಬೇಕು. ಆದ್ರ ದಾರ ಕಟ್ಟಿದ ಕೂಡ್ಲೇ ಬ್ಯಾಟ್ರಿ ಓರೆ ಆಗ್ತದ, ಸೆರಗು ತಾಗಿದ್ರೂ ಉರುಳ್ತದ. ಈಗ ಬೂಟಿನ ಲೇಸ್ ಹಾಕಿ ಎರಡು ಗಂಟು ಬಿಗಿದೀನಿ. ತೂಗಲಿಕ್ಕೂ ಬೇಕು, ನಿಲ್ಲಲಿಕ್ಕೂ ಬೇಕು. ಎರಡೂ ಆಗೋ ಹಂಗ ಯಾರಾರ ಮಾಡೀರೇನು?

ಸೇಡಂ ರೋಡ್:
ಅಕ್ಕಾರೆ, ಸ್ಟೀಲ್ ಗಿಲಾಸಿನಾಗ ಇಡ್ರಿ. ದಾರ ಕಂಠದ ಮ್ಯಾಲಿಂದ ಹೊರಗ ಇಳಿಬಿಡ್ರಿ. ಗಿಲಾಸು ಅಗಲ ಇದ್ರ ಒಳಗ ಒಂದು ಹಿಡಿ ಜ್ವಾಳ ಹಾಕ್ರಿ, ಅಲ್ಲಾಡಂಗಿಲ್ಲ.

ಬ್ರಹ್ಮಪುರ ಓಣಿ:
ಅದನ್ನೂ ನೋಡೀನ್ರಿ ಅಣ್ಣಾರೆ. ನೀರು ಕುಡಿಯೋ ಗಿಲಾಸಿನಾಗ ಇಟ್ರ ಬ್ಯಾಟ್ರಿ ಮಾರಿ ಒಳಗೇ ಉಳೀತದ, ಛತ್ತಿನ ಮ್ಯಾಲ ಒಂದು ಸಣ್ಣ ದುಂಡು ಬೆಳಕಷ್ಟೇ ಬೀಳ್ತದ. ಜ್ವಾಳ ಹಾಕಿ ಎತ್ತರ ಮಾಡಿದ್ರ ಆಗ್ತದ ಖರೇ. ಆದ್ರ ಕತ್ತಲಾಗ ಅತ್ತಿಯವರು ಮೊದಲು ಗಿಲಾಸು ಹುಡುಕಬೇಕು, ಆಮ್ಯಾಲ ಜ್ವಾಳ. ಮೊಳಿಯಿಂದ ತಗದು ಸೀದಾ ಕಟ್ಟಿಗೆ ಇಡೋ ಹಂಗಿದ್ರ ಛಲೋ.

ಸೂಪರ್ ಮಾರ್ಕೆಟ್ ಅಂಗಡಿ:
ಅಕ್ಕಾರೆ, ನಾನು ಮೊಬೈಲ್ ಸಾಮಾನು, ಬ್ಯಾಟ್ರಿ ಮಾರೋನು. ಈ ಪ್ರಶ್ನಿ ಅಂಗಡಿಯಾಗ ಭಾಳ ಮಂದಿ ಕೇಳ್ತಾರ. ಮೊದಲು ನೋಡಬೇಕಾದ್ದು ದಾರದ ತೂತು ಎಲ್ಲದ ಅನ್ನೋದು.

ಬ್ಯಾಟ್ರಿ ತಿರುವಿ ತಳ ನೋಡ್ರಿ. ಕೆಲವಕ್ಕ ಗುಂಡಿಯ ಎರಡೂ ಬಾಜು ಕಿವಿಯಂಥ ಎರಡು ಏಣು ಇರ್ತಾವ, ಗುಂಡಿಗಿಂತ ಎತ್ತರ. ಬ್ಯಾಟ್ರಿ ನಿಲ್ಲೋದು ಆ ಏಣಿನ ಮ್ಯಾಲ. ಆ ಏಣಿನ ಬಾಜುದಾಗ ಅಡ್ಡ ತೂತು ಕೊರೆದಿದ್ರ ನಿಮ್ಮ ಕೆಲಸ ಹಗುರ, ದಾರ ಬಾಜುದಿಂದ ಒಳಗ ಹೋಗಿ ಗುಂಡಿ ಸುತ್ತ ಇರೋ ಖಾಲಿ ಜಾಗದಾಗ ಹಾದು ಬಾಜುದಿಂದಲೇ ಹೊರಗ ಬರ್ತದ, ತಳಕ್ಕ ತಾಗೋ ಮಾತೇ ಇಲ್ಲ. ಇನ್ನು ಕೆಲವಕ್ಕ ಮುಚ್ಚಳದ ಅಂಚಿನಾಗ ಮ್ಯಾಲಿಂದ ಕೆಳಗ ನೆಟ್ಟಗ ತೂತು ಇರ್ತದ. ಅಲ್ಲಿ ದಾರ ತಳದಾಗಿಂದಲೇ ಹಾಯಬೇಕು, ದಾರದ ದಪ್ಪ ಅಷ್ಟೂ ಬ್ಯಾಟ್ರಿ ಕೆಳಗ ಬರ್ತದ. ಗುಂಡಿಯೇ ಹೊರಗ ಉಬ್ಬಿದ್ದರಂತೂ ದಾರ ಇಲ್ಲದಿದ್ರೂ ಅದು ನಿಲ್ಲಂಗಿಲ್ಲ.

ನಿಮ್ಮದು ಯಾವ ನಮೂನಿ ಹೇಳ್ರಿ. ಮತ್ತ ಆ ಬೂಟಿನ ಲೇಸ್ ಮೊದಲು ಬಿಚ್ರಿ. ಸಣ್ಣ ಬ್ಯಾಟ್ರಿ ತೂತು ಸಣ್ಣದಿರ್ತದ, ಲೇಸ್ ಒಳಗ ತುರುಕಿದ್ರ ಎರಡೂ ಕಡಿ ಉಬ್ಬಿ ಕುಂದರ್ತದ. ಮೊಬೈಲಿಗೆ ಮೊದಲು ಕಟ್ತಿದ್ದರಲ್ಲ, ಒಂದು ಮಿಲಿಮೀಟರ್ ದಪ್ಪದ ಕರಿ ದಾರ, ಅದು ಹಾಕ್ರಿ.

ಬ್ರಹ್ಮಪುರ ಓಣಿ:
ಎರಡು ಕಿವಿ ಅವರಿ. ತೂತು ಒಂದು ಕಿವಿಯಾಗ ಅಡ್ಡ ಅದ. ಆದ್ರ ಲೇಸಿನ ಗಂಟು ಕೆಳಗ ಬಂದದ.

ಸೂಪರ್ ಮಾರ್ಕೆಟ್ ಅಂಗಡಿ:
ಹಂಗಾದ್ರ ಅರ್ಧ ಕೆಲಸ ಆದಂಗ. ಸಣ್ಣ ದಾರ ಗೇಣುದ್ದ ತಗೋರಿ. ಎರಡೂ ತುದಿ ಕೂಡಿಸಿ ಗಂಟು ಹಾಕ್ರಿ, ಬಳಿ ಆಯ್ತು. ಗಂಟಿಲ್ಲದ ಕಡಿ ಮಡಚಿ ಹೊರಗಿಂದ ತೂತಿನೊಳಗ ಹಾಯಿಸ್ರಿ. ಒಳಗಿಂದ ಸೂಜಿ ಇಲ್ಲಾ ಪಿನ್ನಿಲೆ ಎಳದು, ಆ ಕುಣಿಕಿಯೊಳಗ ಉಳಿದ ದಾರ ಅಷ್ಟೂ ಹಾಯಿಸಿ ಜಗ್ರಿ. ಕುಣಿಕಿ ಬಿಗಿ ಆಗೋವಾಗ ಬೆರಳಿಲೆ ಅದನ್ನ ಬ್ಯಾಟ್ರಿ ಮೈ ಕಡಿ ಮ್ಯಾಲ ಸರಸ್ರಿ. ತಳದ ಕಡಿ ಇಳಿಲಿಕ್ಕೆ ಬಿಡಬ್ಯಾಡ್ರಿ. ಬಳಿ ಕಟ್ಟಿದ ದೊಡ್ಡ ಗಂಟು ದೂರದ ತುದಿಗೆ ಇರ್ಲಿ, ಮೊಳಿಗಿ ಹಾಕೋ ಕಡಿ.

ನೌಬಾದ್ ಮೇಷ್ಟ್ರು:
ಅಂಗಡಿಯವರು ಹೇಳಿದ್ದು ಸರಿ. ಸಣ್ಣ ದಾರ ಯಾಕೆ ಅಷ್ಟು ಮುಖ್ಯ ಅನ್ನೋದನ್ನ ಲೆಕ್ಕದಲ್ಲಿ ತೋರಿಸುತ್ತೇನೆ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು ನಾನು. ಇಂಥ ಪ್ರಶ್ನೆ ಬಂದರೆ ಸುಮ್ಮನಿರಲು ಆಗುವುದಿಲ್ಲ.

ಟಾರ್ಚಿನ ತಳದ ಅಡ್ಡಳತೆ 20 ಮಿಲಿಮೀಟರ್, ಭಾರದ ನಡುಬಿಂದು ತಳದಿಂದ 50 ಮಿಲಿಮೀಟರ್ ಮೇಲೆ ಅಂತ ಇಟ್ಟುಕೊಳ್ಳಿ. ಒಂದು ಸೆಲ್ಲಿನ ಟಾರ್ಚಿಗೆ ಇದು ಹತ್ತಿರದ ಅಂದಾಜು, ಎಎ ಸೆಲ್ಲೇ ಸುಮಾರು 50 ಮಿಲಿಮೀಟರ್ ಉದ್ದ ಇರುತ್ತದೆ. ಈ ಟಾರ್ಚು ಎಷ್ಟು ವಾಲಿದರೆ ತಾನಾಗಿ ಬೀಳುತ್ತದೆ? ನಡುಬಿಂದು ತಳದ ಅಂಚನ್ನು ದಾಟಿದಾಗ. ತಳದ ಅರ್ಧ 10, ಎತ್ತರ 50, ಅಂದರೆ ಸುಮಾರು 11 ಡಿಗ್ರಿ. ಈಗ ಒಂದು ಅಂಚಿನ ಕೆಳಗೆ 4 ಮಿಲಿಮೀಟರ್ ದಪ್ಪದ ಹಗ್ಗ ಸಿಕ್ಕಿತು ಅನ್ನಿ. 20ಕ್ಕೆ 4, ಅಂದರೆ ವಾಲುವುದು ಅದೇ 11 ಡಿಗ್ರಿ! ಬೀಳುವ ಗೆರೆಯ ಮೇಲೇ ನಿಂತಂತೆ. 2 ಮಿಲಿಮೀಟರಿನ ದಾರವಾದರೆ ಸುಮಾರು 6 ಡಿಗ್ರಿ. 1 ಮಿಲಿಮೀಟರ್ ಆದರೆ 3 ಡಿಗ್ರಿಗೂ ಒಳಗೆ, ಕಣ್ಣಿಗೆ ಓರೆ ಕಂಡರೂ ನಿಲ್ಲುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಯಾವ ವಸ್ತುವಾದರೂ ಅಲ್ಲಾಡದೆ ನಿಲ್ಲಲು ಮೂರು ಕಡೆ ಆಸರೆ ಬೇಕು. ದುಂಡು ತಳ ಓರೆಯಾದ ಕೂಡಲೇ ಅಂಚಿನ ಒಂದೇ ಒಂದು ಬಿಂದು ನೆಲಕ್ಕೆ ತಾಗುತ್ತದೆ. ಎದುರುಗಡೆ ಗಂಟು. ಒಟ್ಟು ಎರಡೇ ಆಸರೆ. ಆದ್ದರಿಂದ ಅದು ಗಂಟಿನ ಎದುರು ದಿಕ್ಕಿಗೆ ಬೀಳುವುದಕ್ಕಿಂತ ಮೊದಲು ಎಡಕ್ಕೋ ಬಲಕ್ಕೋ ಹೊರಳುತ್ತದೆ. ನಿಮ್ಮ ಸೆರಗು ತಾಗಿದಾಗ ಯಾವ ಕಡೆ ಉರುಳುತ್ತದೆ, ಒಮ್ಮೆ ನೋಡಿ ಹೇಳಿ.

ಬ್ರಹ್ಮಪುರ ಓಣಿ:
ಹೌದ್ರೀ ಸರ್! ಬಾಜುಕ್ಕೇ ಹೊರಳ್ತದ. ಗಂಟಿನ ಕಡಿ ಅಲ್ಲ, ಅದರ ಎದುರಿಗೂ ಅಲ್ಲ.

ಚೌಬಾರಾ ಕಾರ್ಖಾನಿ:
ನಾವು ಬೀದರದಾಗ ಬಿದರಿ ಕೆಲಸ ಮಾಡೋರು. ಹೂದಾನಿ, ಸುರಾಹಿ ತಳ ಕೂಡಿಸೋದೇ ನಮಗ ದೊಡ್ಡ ಕೆಲಸ, ಅದಕ್ಕ ನಾಲ್ಕು ಮಾತು ಬರೀತೀನಿ. ಬಿದರಿ ಸಾಮಾನು ಸತುವು, ತಾಮ್ರ ಕೂಡಿಸಿ ಎರಕ ಹೊಯ್ತೀವಿ, ಸತುವೇ ಹೆಚ್ಚು. ಎರಕದಿಂದ ತಗದಾಗ ಮೈ ಒರಟು ಇರ್ತದ. ಅರ ತಿಕ್ಕಿ, ಲೇತಿಗಿ ಹಚ್ಚಿ ನುಣುಪು ಮಾಡಿದ ಮ್ಯಾಲ ಕೆತ್ತೋದು, ಬೆಳ್ಳಿ ತಂತಿ ಕೂಡಿಸೋದು. ತಳ ಓರೆ ಇದ್ರ ಮ್ಯಾಲಿನ ಬೆಳ್ಳಿ ಕೆಲಸ ಎಷ್ಟು ಛಂದ ಇದ್ರೂ ಗಿರಾಕಿ ಮುಟ್ಟಂಗಿಲ್ಲ.

ತಳ ಪೂರ್ತಿ ಸಪಾಟ ಮಾಡಂಗಿಲ್ಲ ನಾವು. ನಡುವ ಸ್ವಲ್ಪ ತಗ್ಗು ಬಿಡ್ತೀವಿ, ಸುತ್ತಲ ಅಂಚು ಮಾತ್ರ ನೆಲಕ್ಕ ತಾಗ್ತದ. ನಡುವ ಒಂದು ಸಣ್ಣ ಉಬ್ಬು ಇದ್ರೂ ಪಾತ್ರಿ ಗಿರಗಿರ ತಿರುಗ್ತದ. ನಿಮ್ಮ ಬ್ಯಾಟ್ರಿಗೂ ಇದೇ ಕಟ್ಟಳಿ. ದಾರ ನಡುವಿನ ತಗ್ಗಿನಾಗ ಇರಬೇಕು, ಇಲ್ಲಾ ಪೂರ್ತಿ ಹೊರಗ ಇರಬೇಕು. ಅಂಚಿನ ಮ್ಯಾಲ ಮಾತ್ರ ಹಾಯಬಾರ್ದು.

ಪರೀಕ್ಷಾ ಹಿಂಗ ಮಾಡ್ರಿ. ಒಂದು ಕನ್ನಡಿ ಮ್ಯಾಲ ಬ್ಯಾಟ್ರಿ ನಿಂದ್ರಿಸ್ರಿ. ಹಿಂದ ಇನ್ನೊಂದು ಬೆಳಕು ಇಟ್ಟು ಕಣ್ಣು ಕನ್ನಡಿ ಮಟ್ಟಕ್ಕ ತಂದು ನೋಡ್ರಿ. ತಳಕ್ಕೂ ಕನ್ನಡಿಗೂ ನಡುವ ಬೆಳಕಿನ ಗೆರಿ ಎಲ್ಲಿ ದಪ್ಪ ಕಾಣ್ತದ, ಎತ್ತೋ ಉಬ್ಬು ಆ ಕಡಿಗೇ ಅದ. ಪರ್ಸಿ ಮ್ಯಾಲ ಇಟ್ಟು ನೋಡಿದ್ರ ತಿಳಿಯಂಗಿಲ್ಲ, ಶಹಾಬಾದ್ ಕಲ್ಲು ಪಾಲಿಶ್ ಮಾಡದಿದ್ರ ತಾನೇ ಎತ್ತರ ತಗ್ಗು ಇರ್ತದ. ಎಷ್ಟೋ ಸರ್ತಿ ತಪ್ಪು ಕಲ್ಲಿಂದು ಇರ್ತದ, ಬೈಗಳ ಬ್ಯಾಟ್ರಿಗೆ ಬೀಳ್ತಾವ.

ನೆಟ್ಟಗಿನ ತೂತಿದ್ದ ಬ್ಯಾಟ್ರಿ ಇದ್ದೋರಿಗೂ ಒಂದು ದಾರಿ ಅದ. ಸಣ್ಣ ದುಂಡು ಅರ ತಗೊಂಡು ತೂತಿಂದ ಅಂಚಿನ ತನಕ ಒಂದು ಕಾಲುವಿ ತಗೀರಿ, ದಾರಕ್ಕಿಂತ ಕೂದಲೆಳಿಯಷ್ಟು ಆಳ. ದಾರ ಆ ಕಾಲುವಿಯೊಳಗ ಕುಂತ್ರ ತಳ ಮತ್ತ ಸಪಾಟ. ಅಲ್ಯುಮಿನಿಯಂ ಮೆತ್ತಗಿನ ಲೋಹ, ಅರ ಒತ್ತಬ್ಯಾಡ್ರಿ, ಒಂದೇ ದಿಕ್ಕಿಗೆ ಹಗುರ ತಿಕ್ರಿ. ಮ್ಯಾಲಿನ ಕರಿ ಬಣ್ಣ ಅಷ್ಟು ಜಾಗದಾಗ ಹೋಗ್ತದ. ಕಾಲುವಿ ಅಂಚು ಚೂಪು ಬಿಟ್ರ ದಾರ ಹರೀತದ, ಅದಕ್ಕ ಕಡಿಗೆ ಸಣ್ಣ ಎಮರಿ ಕಾಗದಲೆ ಅಂಚು ಮೊಂಡು ಮಾಡ್ರಿ.

ಹುಮನಾಬಾದ್ ಕಾಕಾ:
ಚೌಬಾರಾದವರು ತಗ್ಗಿನ ಮಾತು ತಗದ್ರಲ್ಲ, ಹಳೇ ಎರಡು ಸೆಲ್ಲಿನ ಸ್ಟೀಲ್ ಬ್ಯಾಟ್ರಿ ನೆಂಪಾತು. ದಪ್ಪ ಸೆಲ್ ಹಾಕೋವು. ಹಿಂದಿನ ಮುಚ್ಚಳದ ತಗ್ಗಿನಾಗ ಒಂದು ತಂತಿ ಉಂಗುರ ಮಡಚಿ ಕುಂತಿರ್ತಿತ್ತು. ಎಬ್ಬಿಸಿದ್ರ ಮೊಳಿಗಿ ತೂಗ್ತಿತ್ತು, ಮಡಚಿದ್ರ ತಳ ಸಪಾಟ ಆಗಿ ಸಂದೂಕದ ಮ್ಯಾಲ ನಿಲ್ತಿತ್ತು. ಈಗಿನ ಬ್ಯಾಟ್ರಿ ಮಾಡೋರು ಆ ಉಂಗುರ ಯಾಕ ಬಿಟ್ರೋ ತಿಳೀವಲ್ದು. ಹಿಂದ ಗುಂಡಿ ಬಂದದ್ದಕ್ಕ ಜಾಗ ಇಲ್ಲದಂಗ ಆಗಿರಬೇಕು.

ಶಹಾಪುರ ಗದ್ದಿ:
ಎಲ್ಲಾರೂ ಸಣ್ಣ ದಾರ ಸಣ್ಣ ದಾರ ಅಂತೀರಿ. ಒಕ್ಕಲಿಗರ ಕಡಿಂದ ಒಂದು ಮಾತು ಹೇಳ್ತೀನಿ. ನಮ್ಮದು ನಾರಾಯಣಪುರ ಎಡದಂಡಿ ಕಾಲುವಿ ನೀರಿನ ಭತ್ತದ ಗದ್ದಿ. ನೀರಿನ ಪಾಳಿ ರಾತ್ರಿ ಬಂದ್ರ ರಾತ್ರಿನೇ ಹೋಗಬೇಕು. ಒಡ್ಡಿನ ಮ್ಯಾಲ ಹಾವು, ಚೇಳು. ಕೈಗೆ ಕೆಸರು. ಬ್ಯಾಟ್ರಿ ಜಾರಿ ಕಾಲುವಿಗೆ ಬಿದ್ರ ಹೋಯ್ತು. ಒಂದು ಮಿಲಿಮೀಟರ್ ದಾರ ಒದ್ದಿ ಆದ್ರ ಕುತ್ತಿಗಿ ಕೊಯ್ತದ, ಮಣಿಕಟ್ಟಿಗೆ ಸುತ್ತಿದ್ರ ಬೆರಳು ಜೋಮು ಹಿಡೀತಾವ. ನಮಗ ದಪ್ಪ ದಾರನೇ ಬೇಕು. ಆದ್ರ ಪಂಪಿನ ಸ್ಟಾರ್ಟರ್ ಡಬ್ಬಿ ತಗದು ಫ್ಯೂಸ್ ನೋಡೋವಾಗ ಅದೇ ಬ್ಯಾಟ್ರಿ ಡಬ್ಬಿ ಬಾಜು ಕಲ್ಲಿನ ಮ್ಯಾಲ ನಿಲ್ಲಬೇಕು. ಬಾಯಾಗ ಬ್ಯಾಟ್ರಿ ಕಚ್ಚಿಕೊಂಡು ಕರೆಂಟಿನ ಕೆಲಸ ಮಾಡೋದು ನನಗ ಸೇರಂಗಿಲ್ಲ.

ನಾನು ಮಾಡಿಕೊಂಡದ್ದು ಹೇಳ್ತೀನಿ. ಹಳೇ ಸೈಕಲ್ ಟ್ಯೂಬಿಂದ ಎರಡು ಬೆರಳು ಅಗಲದ ಬಳಿ ಕತ್ತರಿಸಿ ಬ್ಯಾಟ್ರಿ ನಡುಮೈಗೆ ಬಿಗಿಯಾಗಿ ಏರಿಸೀನಿ. ಏರಿಸೋಕಿಂತ ಮೊದಲು ಟ್ಯೂಬಿಗೆ ಒಂದು ಸೀಳು ಕೊಟ್ಟು ದಪ್ಪ ದಾರದ ತುದಿ ಅದರಾಗ ಹಾಯಿಸಿ ಒಳಗಿಂದ ಗಂಟು ಹಾಕೀನಿ. ಗಂಟು ಟ್ಯೂಬಿಗೂ ಮೈಗೂ ನಡುವ ಸಿಕ್ಕು ಕುಂದರ್ತದ, ಎಷ್ಟು ಜಗ್ಗಿದ್ರೂ ಬರಂಗಿಲ್ಲ. ಹಿಂದಿನ ತೂತು ನನಗ ಬೇಕೇ ಇಲ್ಲ. ತಳ ತಳದಂಗೇ ಉಳೀತು. ಕೆಸರು ಕೈಯಾಗೂ ಟ್ಯೂಬ್ ಜಾರಂಗಿಲ್ಲ, ಅದೊಂದು ಹೆಚ್ಚಿನ ಲಾಭ.

ಸೂಪರ್ ಮಾರ್ಕೆಟ್ ಅಂಗಡಿ:
ಶಹಾಪುರ ಅಣ್ಣಾರೆ, ಇದು ಭಾಳ ಛಲೋ ಅದ. ಬ್ಯಾಟ್ರಿಗೆ ಜೇಬಿನ ಕ್ಲಿಪ್ ಇದ್ದೋರು ಕ್ಲಿಪ್ಪಿನ ಕೆಳಗ ದಾರ ಹಾಯಿಸಿನೂ ಇದನ್ನೇ ಮಾಡಬಹುದು. ದಪ್ಪ ದಾರ ಬೇಕನ್ನೋರಿಗೆ ನಾನು ಕೊಡೋದು ಎರಡು ತುಂಡಿನದ್ದು. ಬ್ಯಾಟ್ರಿಗೆ ಸಣ್ಣ ಬಳಿ, ಆ ಬಳಿಗಿ ಪ್ಲಾಸ್ಟಿಕ್ ಬಕಲ್, ಬಕಲಿಗಿ ದಪ್ಪ ಪಟ್ಟಿ. ಐಡಿ ಕಾರ್ಡಿನ ಪಟ್ಟಿಗೆ ಇರ್ತದಲ್ಲ, ಅಂಥಾ ಬಕಲ್. ನಿಂದ್ರಿಸೋವಾಗ ಬಕಲ್ ಬಿಚ್ಚಿ ಪಟ್ಟಿ ಕುತ್ತಿಗ್ಯಾಗೇ ಬಿಡೋದು.

ಗಿರಣಿ ಆಳಂದ:
ಕುತ್ತಿಗಿ ಪಟ್ಟಿ ಮಾತು ಬಂತು, ಅದಕ್ಕ ಬರೀತೀನಿ. ದಯವಿಟ್ಟು ಯಾರೂ ಇದನ್ನ ಹಗುರ ತಗೋಬ್ಯಾಡ್ರಿ. ನಂದು ಹಿಟ್ಟಿನ ಗಿರಣಿ. ತಿರುಗೋ ಬೆಲ್ಟ್, ಪಂಪಿನ ಪುಲ್ಲಿ, ರಾಶಿ ಮಾಡೋ ಮಷೀನ್ ಇದ್ದ ಕಡಿ ಕುತ್ತಿಗ್ಯಾಗ ಯಾವ ದಾರನೂ ಇರಬಾರ್ದು. ಟವೆಲ್ಲೂ ಇರಬಾರ್ದು. ಬಗ್ಗಿ ನೋಡೋವಾಗ ಜೋತು ಬಿದ್ದ ದಾರ ಬೆಲ್ಟಿಗೆ ಸಿಕ್ರ ಕೈ ಎತ್ತೋದ್ರೊಳಗ ಮನುಷ್ಯಾನ್ನ ಒಳಗ ಎಳಕೋತದ. ಸಂತಿಯಾಗ ಸಿಗೋ ನೈಲಾನ್ ಹಗ್ಗ ಮನುಷ್ಯಾನ ಭಾರಕ್ಕೂ ಹರಿಯಂಗಿಲ್ಲ, ಅದೇ ಅದರ ಅಪಾಯ.

ಪಟ್ಟಿ ಹಾಕಲೇಬೇಕಂದ್ರ ಹಿಂದ ಕುತ್ತಿಗಿ ಹತ್ರ ಜಗ್ಗಿದ್ರ ತಾನೇ ಬಿಚ್ಚೋ ಜೋಡಣಿ ಇರಲಿ. ಬಕಲ್ ಗಟ್ಟಿ ಇರ್ತದ, ಅದನ್ನ ನಂಬಬ್ಯಾಡ್ರಿ. ಪಟ್ಟಿ ಕತ್ತರಿಸಿ ನಡುವ ತೆಳ್ಳನ ರಬ್ಬರ್ ಬ್ಯಾಂಡ್ ಕಟ್ಟಿದ್ರೂ ನಡೀತದ, ಜೋರು ಜಗ್ಗಿದ್ರ ಅದು ಹರದು ಕುತ್ತಿಗಿ ಉಳೀತದ. ಮಕ್ಕಳ ಕೈಗೆ ಕೊಡೋ ಬ್ಯಾಟ್ರಿಗಂತೂ ಕುತ್ತಿಗಿ ದಾರ ಬ್ಯಾಡೇ ಬ್ಯಾಡ, ಮಣಿಕಟ್ಟಿನ ಅಳತಿ ಸಾಕು.

ಶಹಾಪುರ ಗದ್ದಿ:
ಖರೇ ಹೇಳಿದ್ರಿ ಅಣ್ಣಾರೆ. ನಮ್ಮ ಕಡಿ ಪಂಪಿನ ಬೆಲ್ಟಿಗೆ ಧೋತರ ಸಿಕ್ಕ ಸುದ್ದಿ ಎಲ್ಲಾರೂ ಕೇಳೀವಿ. ಇವತ್ತಿಂದ ಸ್ಟಾರ್ಟರ್ ಹತ್ರ ಹೋಗೋವಾಗ ದಾರ ಮಣಿಕಟ್ಟಿಗೆ.

ಸಿಸ್ಟರ್ ಗುರುಮಠಕಲ್:
ನಾನು ನರ್ಸ್. ಮನಿ ಮನಿಗೆ ಹೋದಾಗ ಗಾಯ ತೊಳಿಯೋದು, ಪಟ್ಟಿ ಕಟ್ಟೋದು ಇರ್ತದ. ಕರೆಂಟ್ ಇಲ್ಲದ ಹೊತ್ತಿನಾಗ ಬ್ಯಾಟ್ರಿ ಹಿಡಿಲಿಕ್ಕೆ ಯಾರಿಗಾರ ಹೇಳಿದ್ರ ಅವರು ರಕ್ತ ನೋಡಿ ಮಾರಿ ಆಕಡಿ ತಿರುವ್ತಾರ, ಅದರ ಜೋಡಿ ಬೆಳಕೂ ಆಕಡಿ ಹೋಗ್ತದ. ಅದಕ್ಕ ನಿಂತ ಬ್ಯಾಟ್ರಿ ಮ್ಯಾಲ ನನಗ ಭಾಳ ಭರವಸಿ.

ಇಲ್ಲಿ ಎಲ್ಲಾರೂ ದಾರ ತಳದಿಂದ ದೂರ ಇಡೋ ಮಾತು ಹೇಳೀರಿ. ನಾನು ಅದೇ ದಾರನ್ನ ತಳಕ್ಕ ಕೆಲಸಕ್ಕ ಹಚ್ಚೀನಿ. ನಮ್ಮ ಅವ್ವ ಕೊಡ ಇಡಲಿಕ್ಕೆ ಹಳೇ ಸೀರಿ ತಿರುವಿ ದುಂಡಗ ಸುತ್ತಿ ಸಿಂಬಿ ಮಾಡ್ತಿದ್ಲು. ಅದೇ ಸಿಂಬಿ ನಾನು ಬ್ಯಾಟ್ರಿ ದಾರಲೆ ಮಾಡ್ತೀನಿ. ಉದ್ದನ ದಪ್ಪ ದಾರ ಬ್ಯಾಟ್ರಿ ಹಿಂದಿನ ತುದಿಗೆ, ನೆಲಕ್ಕ ತಾಗೋ ಹಂಗ, ಬಿಗಿಯಾಗಿ ಎರಡು ಮೂರು ಸುತ್ತು ಸುತ್ತೋದು. ಒಂದರ ಮ್ಯಾಲ ಒಂದಲ್ಲ, ಒಂದರ ಹೊರಗ ಒಂದು, ಚಕ್ಕುಲಿ ಸುತ್ತಿನಂಗ. ತುದಿ ಕೊನಿ ಸುತ್ತಿನ ಒಳಗ ಸಿಗಿಸಿಬಿಟ್ರ ಬಿಚ್ಚಂಗಿಲ್ಲ. ತಳ ಅಗಲ ಆಗ್ತದ. ತೂತಿಗಿ ಕಟ್ಟಿದ್ದು ಸಣ್ಣ ದಾರ ಇರಬೇಕು, ಅದಕ್ಕ ಜೋಡಿಸಿದ್ದು ದಪ್ಪ ದಾರ ಇರಬೇಕು, ಅಷ್ಟೇ.

ಇನ್ನೊಂದು. ಗುಂಡಿ ಹೊರಗ ಉಬ್ಬಿದ ಬ್ಯಾಟ್ರಿ ನಿಲ್ಲಂಗೇ ಇಲ್ಲ ಅಂತ ಮ್ಯಾಲ ಬರದಾರ. ಸಿಂಬಿ ಬರೇ ನೆಲದ ಮ್ಯಾಲ ಸುತ್ತಿ ಅದರ ಅಂಚಿನ ಮ್ಯಾಲ ಬ್ಯಾಟ್ರಿ ಇಟ್ರ ಗುಂಡಿ ನಡುವಿನ ತೂತಿನಾಗ ಇಳೀತದ. ದಾರದ ದಪ್ಪ ಗುಂಡಿ ಉಬ್ಬಿಗಿಂತ ಹೆಚ್ಚಿರಬೇಕು. ನಾನು ದಿನಾ ಹಿಂಗೇ ನಿಂದ್ರಸ್ತೀನಿ.

ನೌಬಾದ್ ಮೇಷ್ಟ್ರು:
ಸಿಸ್ಟರ್, ನೀವು ಹೇಳಿದ್ದು ಓದಿ ತುಂಬಾ ಸಂತೋಷವಾಯಿತು. ಲೆಕ್ಕ ಹಾಕಿದೆ. 20 ಮಿಲಿಮೀಟರ್ ತಳದ ಸುತ್ತ 4 ಮಿಲಿಮೀಟರ್ ದಾರ ಒಂದು ಸುತ್ತು ಬಂದರೆ ತಳ 28 ಆಗುತ್ತದೆ, ಬೀಳುವ ಕೋನ 11ರಿಂದ ಸುಮಾರು 16 ಡಿಗ್ರಿಗೆ ಏರುತ್ತದೆ. ಎರಡು ಸುತ್ತಾದರೆ ತಳ 36, ಕೋನ ಸುಮಾರು 20 ಡಿಗ್ರಿ. ದಾರ ಮೆತ್ತಗಿರುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ ಸಿಗುತ್ತದೆ. ಆದರೂ ಒಂದು ಅಂಚಿನ ಕೆಳಗೆ ಸಿಕ್ಕಾಗ ಬೀಳಿಸುವ ದಾರವೇ ಸುತ್ತಲೂ ಸಮನಾಗಿ ಬಂದಾಗ ಹಿಡಿದು ನಿಲ್ಲಿಸುತ್ತದೆ. ಹೊಸ ನೈಲಾನ್ ದಾರ ಸೆಟೆದುಕೊಂಡು ಸ್ಪ್ರಿಂಗಿನಂತೆ ತಳ್ಳುತ್ತದೆ. ಬಿಸಿನೀರಿನಲ್ಲಿ ನೆನೆಸಿ ಚೆನ್ನಾಗಿ ಹೊಸೆದು ಒಣಗಿಸಿದರೆ ಮೆತ್ತಗಾಗುತ್ತದೆ, ಆಮೇಲೆ ಸುತ್ತಿ.

ದಾರದ ತೂಕವನ್ನೂ ಮರೆಯಬೇಡಿ. ಒಂದು ಆಲ್ಕಲೈನ್ ಎಎ ಸೆಲ್ ಸುಮಾರು 23 ಗ್ರಾಂ ಅಷ್ಟೇ. ಅಂಥ ಹಗುರ ಟಾರ್ಚನ್ನು ಟೇಬಲ್ ಅಂಚಿಗಿಟ್ಟು ಒದ್ದೆ ಪಟ್ಟಿಯನ್ನು ಕೆಳಗೆ ಇಳಿಬಿಟ್ಟರೆ ಪಟ್ಟಿಯೇ ಎಳೆದು ಬೀಳಿಸುತ್ತದೆ. ದಾರ ಯಾವಾಗಲೂ ಟಾರ್ಚು ನಿಂತ ಮಟ್ಟದಲ್ಲೇ ಇರಲಿ.

ಮಳಖೇಡ ಹಳೇ ಮನಿ:
ಎಲ್ಲಾ ಓದಿದೆ, ಬ್ಯಾಟ್ರಿ ನಿಂದ್ರಿಸಿದೆ, ನಿಂತದ. ಆದ್ರ ಬೆಳಕೇ ಬರವಲ್ದು! ನಮ್ಮದು ಹಳೇ ಮನಿ, ಛತ್ತ ಅಂದ್ರ ತೊಲಿ ಮ್ಯಾಲ ಪರ್ಸಿ ಕಲ್ಲು, ಹಿರೇರ ಕಾಲದಿಂದ ಒಲಿ ಹೊಗಿ ಕುಡದು ಕರ್ರಗ ಆಗ್ಯಾದ. ಮ್ಯಾಲ ಬೆಳಕು ಹೋಗ್ತದ, ವಾಪಸ್ ಇಳಿಯಂಗಿಲ್ಲ. ಇದಕ್ಕೇನು ಮಾಡೋದು?

ಬ್ರಹ್ಮಪುರ ಓಣಿ:
ನಮ್ಮ ತವರುಮನಿ ಛತ್ತೂ ಹಂಗೇ ಇತ್ತು. ಪೂರಾ ಛತ್ತ ಬಳಿಯೋದು ಬ್ಯಾಡ್ರಿ. ಬ್ಯಾಟ್ರಿ ಇಡೋ ಜಾಗದ ನೆತ್ತಿ ಮ್ಯಾಲ ಎರಡು ಮೂರು ಫೂಟಿನಷ್ಟು ಮಸಿ ಕೆರದು ತಗದು ಸುಣ್ಣ ಬಳೀರಿ. ಒಂದು ಕೈ ಅಲ್ಲ, ಒಣಗಿದ ಮ್ಯಾಲ ಮತ್ತ ಎರಡು ಕೈ. ಅಷ್ಟೇ ಜಾಗದಿಂದ ಬೆಳಕು ಛಲೋ ಇಳೀತದ. ಗ್ವಾಡಿ ಗೂಡಿನಾಗ ಮಾತ್ರ ಬ್ಯಾಟ್ರಿ ನಿಂದ್ರಿಸಬ್ಯಾಡ್ರಿ, ಎಣ್ಣಿ ದೀಪಕ್ಕ ಗೂಡು ಸರಿ, ಬ್ಯಾಟ್ರಿ ಬೆಳಕು ಗೂಡಿನ ಮ್ಯಾಲಿನ ಕಲ್ಲಿಗೇ ಬಡದು ಅಲ್ಲೇ ಮುಗೀತದ.

ನೌಬಾದ್ ಮೇಷ್ಟ್ರು:
ಸುಣ್ಣ ಬಳಿಯಲು ಆಗದಿದ್ದರೆ ಬಿಳಿ ಥರ್ಮೋಕೋಲ್ ಹಾಳೆಯನ್ನು ತೊಲೆಗೆ ಕಟ್ಟಿ, ಒಲೆಯಿಂದ ದೂರ. ಕನ್ನಡಿ ಕಟ್ಟಬೇಡಿ. ಕನ್ನಡಿ ಬೆಳಕನ್ನು ಒಂದೇ ಕಡೆ ತಿರುಗಿಸುತ್ತದೆ, ಬಿಳಿ ಒರಟು ಮೈ ಎಲ್ಲ ಕಡೆ ಚೆಲ್ಲುತ್ತದೆ. ನಿಮಗೆ ಬೇಕಾದ್ದು ಚೆಲ್ಲುವ ಬೆಳಕು.

ಸೇಡಂ ರೋಡ್:
ಮೇಷ್ಟ್ರೇ, ಅಂಗಡಿಯಾಗ ಎಎ ಸೆಲ್ಲಿನಷ್ಟೇ ಉದ್ದ ಇರೋ ಚಾರ್ಜಿಂಗ್ ಲಿಥಿಯಂ ಸೆಲ್ ನೋಡಿದೆ. ಅದು ಹಾಕಿದ್ರ ಬೆಳಕು ಹೆಚ್ಚಾಗ್ತದಂತ. ಅಕ್ಕಾರ ಬ್ಯಾಟ್ರಿಗೆ ಹಾಕಬಹುದೇನು?

ನೌಬಾದ್ ಮೇಷ್ಟ್ರು:
ನೀವು ನೋಡಿದ್ದು 14500 ಅನ್ನುವ ಸೆಲ್. ಅಳತೆ ಎಎ ಸೆಲ್ಲಿನದ್ದೇ, ಆದರೆ ವೋಲ್ಟೇಜ್ 3.7, ತುಂಬಿದಾಗ 4.2. ಎಎ ಆಲ್ಕಲೈನ್ 1.5, ಚಾರ್ಜ್ ಮಾಡುವ ನಿಕಲ್ ಎಎ 1.2. ಟಾರ್ಚಿನ ಪೆಟ್ಟಿಗೆಯ ಮೇಲೆ 14500 ಹಾಕಬಹುದು ಅಂತ ಬರೆದಿದ್ದರೆ ಮಾತ್ರ ಹಾಕಿ, ಇಲ್ಲದಿದ್ದರೆ ಒಳಗಿನ ಸರ್ಕ್ಯೂಟ್ ಸುಡಬಹುದು. ಛತ್ತಿಗೆ ಬೆಳಕು ಬಿಡಲು ಅಷ್ಟು ಜೋರು ಬೇಕಾಗಿಯೂ ಇಲ್ಲ. ಜೋರು ಬೆಳಕಿನಲ್ಲಿ ನಿಂತ ಸಣ್ಣ ಟಾರ್ಚು ಬೇಗ ಕಾಯುತ್ತದೆ, ಕೈಯಲ್ಲಿ ಹಿಡಿದಾಗ ಅಂಗೈಗೆ ಹೋಗುವ ಶಾಖ ನಿಂತಾಗ ಅಷ್ಟು ಬೇಗ ಹೋಗುವುದಿಲ್ಲ. ನಡುವಿನ ಬೆಳಕಿನಲ್ಲಿಡಿ, ಸೆಲ್ಲೂ ಹೆಚ್ಚು ಹೊತ್ತು ಬಾಳುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಲಿಥಿಯಂ ಸೆಲ್ ಇರುವ ಟಾರ್ಚನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಮೊಳೆಗೆ ತೂಗುಬಿಟ್ಟು ವಾರಗಟ್ಟಲೆ ಮುಟ್ಟದ ಟಾರ್ಚಿನಲ್ಲಿ ಆಲ್ಕಲೈನ್ ಸೆಲ್ ಸೋರಿ ಒಳಗೆ ಬಿಳಿ ಉಪ್ಪು ಕಟ್ಟುವುದುಂಟು, ನಡುನಡುವೆ ಬಿಚ್ಚಿ ನೋಡಿ.

ಬ್ರಹ್ಮಪುರ ಓಣಿ:
ಎಲ್ಲರಿಗೂ ತಿಳಿಸಬೇಕಿತ್ತು. ಬೂಟಿನ ಲೇಸ್ ಬಿಚ್ಚಿ ತೂತಿಗೆ ಕರಿ ಸಣ್ಣ ದಾರದ ಬಳಿ ಹಾಕಿದೆ, ಅಂಗಡಿಯವರು ಹೇಳಿದಂಗ ಕುಣಿಕಿ ಮೈ ಕಡಿ ಸರಿಸಿ ಬಿಗಿದೆ. ಕನ್ನಡಿ ಮ್ಯಾಲ ಇಟ್ಟು ನೋಡಿದೆ, ಎರಡೂ ಕಿವಿ ಕೆಳಗ ಬೆಳಕಿನ ಗೆರಿ ಕಾಣವಲ್ದು. ಸಣ್ಣ ಬಳಿಗಿ ದಪ್ಪ ಬಿಳಿ ಲಾಡಿ ಜೋಡಿಸೀನಿ. ಕತ್ತಲಾಗ ಬಿಳಿ ಲಾಡಿ ಅತ್ತಿಯವರಿಗೆ ಜಲ್ದಿ ಕಾಣ್ತದ, ಕೈಗೂ ಸಿಗ್ತದ. ಸಿಸ್ಟರ್ ಅವರ ಸಿಂಬಿ ಅತ್ತಿಯವರಿಗೆ ಹೇಳಿಕೊಡೋ ಕೆಲಸನೇ ಬೀಳಲಿಲ್ಲ, ಒಮ್ಮೆ ನೋಡಿದ್ರು, ತಾವೇ ನನಗಿಂತ ಛಂದ ಸುತ್ತಿದ್ರು. ಈಗ ಅವರೇ ನಿಂದ್ರಸ್ತಾರ. ಮಳಿಗಾಲದಾಗ ದೀಪದ ಹುಳ ಗಾಜಿನ ಮ್ಯಾಲ ಬೀಳ್ತಾವಲ್ಲ, ಅದಕ್ಕ ಒಂದು ಅರಿವಿ ತುಂಡು ಮೊಳಿ ಹತ್ರನೇ ಇಟ್ಟೀನಿ.

ಗಿರಣಿ ಆಳಂದ:
ಹಿಂದ ಮ್ಯಾಗ್ನೆಟ್ ಇರೋ ಬ್ಯಾಟ್ರಿ ಬಂದಾವಲ್ಲ, ಅವು ಹ್ಯಾಂಗ? ಗಿರಣಿ ಕಬ್ಬಿಣದ ಮೈಗೆ ಅಂಟಿಸಬಹುದು ಅಂತ ವಿಚಾರ.

ಸೂಪರ್ ಮಾರ್ಕೆಟ್ ಅಂಗಡಿ:
ಕಬ್ಬಿಣ ಇದ್ದಲ್ಲಿ ಭಾಳ ಅನುಕೂಲ ಅಣ್ಣಾರೆ. ಅಲಮಾರಿ, ಸ್ಟಾರ್ಟರ್ ಡಬ್ಬಿ, ಟ್ರ್ಯಾಕ್ಟರ್ ಬಾನೆಟ್ಟಿಗೆ ಅಡ್ಡನೂ ನಿಲ್ತದ. ಪರ್ಸಿ ಮ್ಯಾಲ, ಕಟ್ಟಿಗಿ ಮ್ಯಾಲ ಮಾತ್ರ ಸಾದಾ ತಳದಂಗೇ. ಸ್ಟೀಲ್ ಪಾತ್ರಿಗೂ ಅಂಟ್ತದ ಅಂತ ತಿಳೀಬ್ಯಾಡ್ರಿ, ಭಾಳಷ್ಟು ಅಡಗಿ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯಂಗಿಲ್ಲ. ಗಿರಣ್ಯಾಗ, ವೆಲ್ಡಿಂಗ್ ಅಂಗಡ್ಯಾಗ ಕಬ್ಬಿಣದ ಪುಡಿ ಹಾರಿ ಬಂದು ತಳಕ್ಕ ಗಡ್ಡದಂಗ ಕುಂದರ್ತದ, ಆಮ್ಯಾಲ ಸಪಾಟ ಜಾಗದಾಗೂ ಓರೆ ನಿಲ್ತದ. ಅಂಟು ಟೇಪ್ ಹಚ್ಚಿ ಕಿತ್ರ ಪುಡಿ ಟೇಪಿನ ಜೋಡಿ ಬರ್ತದ. ಎಟಿಎಂ ಕಾರ್ಡ್ ಇರೋ ಜೇಬಿನಾಗ ಇಡಬ್ಯಾಡ್ರಿ, ಹಿಂದಿನ ಕರಿ ಪಟ್ಟಿ ಕೆಡ್ತದ.

ಶಹಾಪುರ ಗದ್ದಿ:
ಅಂಗಡಿ ಅಣ್ಣಾರೆ, ಆ ಜಗ್ಗಿದ್ರ ಬಿಚ್ಚೋ ಜೋಡಣಿ ಇರೋ ಪಟ್ಟಿ ನಿಮ್ಮಲ್ಲಿ ಸಿಗ್ತದೇನು? ಮುಂದಿನ ವಾರ ಕಲಬುರಗಿಗಿ ಬರೋದದ. ಮನಿಮಂದಿಗೆಲ್ಲಾ ಒಂದೊಂದು ಬೇಕು.

ಸೂಪರ್ ಮಾರ್ಕೆಟ್ ಅಂಗಡಿ:
ಸಿಗ್ತಾವ್ರಿ. ಸಣ್ಣ ಬಳಿ ದಾರನೂ ಕೊಡ್ತೀನಿ. ಬರೋವಾಗ ಬ್ಯಾಟ್ರಿ ಅಷ್ಟೂ ತಗೊಂಡೇ ಬರ್ರಿ, ಒಂದೊಂದರ ತೂತು ಒಂದೊಂದು ಅಳತಿ ಇರ್ತದ. ದಾರ ಹಾಯಿಸಿ, ಗಲ್ಲೆ ಪೆಟ್ಟಿಗಿ ಗಾಜಿನ ಮ್ಯಾಲ ನಿಂದ್ರಿಸಿ ನೋಡೇ ಕೊಡ್ತೀನಿ.